ಮುಂದಿನ ಡಿಸ್ಕ್ ಯಾವುದು, ರಾಯರೇ?

ಜಯನಗರದಲ್ಲಿ ಭವಿಷ್ಯ ಹೇಳುವವರಿಗೆ ಬರವಿಲ್ಲ. ದೇವಸ್ಥಾನದ ಬೀದಿಗೆ ಹೋದರೆ ಕೈ ನೋಡುವವರು ಸಿಗುತ್ತಾರೆ, ನಾಲ್ಕನೇ ಬ್ಲಾಕಿಗೆ ಬಂದರೆ ಸೈಟಿನ ದರ ಎಲ್ಲಿಗೆ ಮುಟ್ಟುತ್ತದೆಂದು ಹೇಳುವವರು. ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತವರು ಮುಂದಿನ ಮುಖ್ಯಮಂತ್ರಿಯನ್ನೇ ನೇಮಿಸಿಬಿಡುತ್ತಾರೆ. ಇವರ ನಡುವೆ ಯಾರ ಕಣ್ಣಿಗೂ ಬೀಳದ ಇನ್ನೊಂದು ಪಂಗಡವಿದೆ. ಯಾವ ಹಳೇ ಸಿನಿಮಾ ಯಾವಾಗ ಡಿಸ್ಕಾಗಿ ಬರುತ್ತದೆ, ಯಾವುದು ಚೊಕ್ಕಟವಾಗಿ ಬರುತ್ತದೆ, ಯಾವುದು ಜನ್ಮದಲ್ಲಿ ಬರುವುದಿಲ್ಲ ಎಂದು ಲೆಕ್ಕ ಹಾಕುವವರು. ನಮ್ಮ ಪಕ್ಕದ ಮನೆಯ ರಾಯರು ಈ ಪಂಗಡದ ಹಿರಿಯರು. ಅವರ ಮನೆಯ ಷೋಕೇಸಿನಲ್ಲಿ ದಸರಾ ಬೊಂಬೆಗಳಿಗೆ ಜಾಗ ಸಿಗುವುದು ಒಂಬತ್ತು ದಿನ ಮಾತ್ರ. ಮಿಕ್ಕ ದಿನವೆಲ್ಲ ಅಲ್ಲಿ ವಿಸಿಡಿ, ಡಿವಿಡಿ, ಬ್ಲೂ-ರೇಗಳ ದರ್ಬಾರು.

ನಮ್ಮಿಬ್ಬರ ಕಾಂಪೌಂಡು ಎದೆಮಟ್ಟ. ಕಾಫಿ ಲೋಟ ಇಡುವುದಕ್ಕೆ ಗೋಡೆಯ ಮೇಲೆ ಸಾಕಷ್ಟು ಅಗಲವಿದೆ. ಹರಟೆಗೆ ಇದಕ್ಕಿಂತ ಸೌಕರ್ಯ ಬೇಕೇ?

"ಸ್ವಾಮಿ, ಈ ವರ್ಷದ ಚಿತ್ರ ಬಂತು ನೋಡಿದಿರಾ?" ಅಂತ ರಾಯರು ಕೇಳಿದರೆ ಅದು ಚಲನಚಿತ್ರದ ಮಾತಲ್ಲ, ಕೈಯಲ್ಲಿ ಬರೆದ ಚಿತ್ರದ ಮಾತು ಅಂತ ನನಗೆ ಈಗ ಗೊತ್ತು. ಅಮೆರಿಕದಲ್ಲಿ ಕ್ರೈಟೀರಿಯನ್ ಕಲೆಕ್ಷನ್ ಅಂತ ಒಂದು ಸಂಸ್ಥೆ. 1984ರಲ್ಲಿ, ಲೇಸರ್ ಡಿಸ್ಕಿನ ಕಾಲದಲ್ಲಿ, 'ಸಿಟಿಜನ್ ಕೇನ್' ಮತ್ತು 'ಕಿಂಗ್ ಕಾಂಗ್' ಹೊರತಂದು ಶುರುವಾದದ್ದು. ಜಗತ್ತಿನ ಒಳ್ಳೊಳ್ಳೆಯ ಸಿನಿಮಾ ಹುಡುಕಿ, ಗೀರು ಕಲೆ ತೆಗೆಸಿ, ಜೊತೆಗೊಂದು ಪ್ರಬಂಧ ಸೇರಿಸಿ, ಬೆನ್ನಿಗೆ ನಂಬರು ಹಾಕಿ ಮಾರುತ್ತಾರೆ. ನಮ್ಮ ರೇಯವರ 'ಜಲಸಾಘರ್', 'ಚಾರುಲತಾ', 'ಮಹಾನಗರ' ಎಲ್ಲ ಅಲ್ಲಿಂದ ಬಂದಿವೆ. ಹೊಸ ವರ್ಷದ ಹೊತ್ತಿಗೆ ಅವರು ಒಂದು ತಮಾಷೆಯ ಚಿತ್ರ ಬಿಡುತ್ತಾರೆ. ಅದರಲ್ಲಿ ಪ್ರಾಣಿ, ಪಾತ್ರೆ, ಟೋಪಿ, ಮರ ಏನೇನೋ ಅಡಗಿರುತ್ತದೆ. ಒಂದೊಂದೂ ಮುಂದೆ ಬರಲಿರುವ ಒಂದೊಂದು ಸಿನಿಮಾದ ಸುಳಿವು. ತಿಂಗಳ ಓಲೆಯಲ್ಲೂ ಒಂದು ಪುಟ್ಟ ಗೀಚುಚಿತ್ರ ಇರುತ್ತದೆ. ಜೇಸನ್ ಪೋಲನ್ ಎಂಬ ಕಲಾವಿದ ಇಂಥವನ್ನು ಬಹಳ ಬರೆದ. ಪಾಪ, 2020ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ. ಆ ಗೀಚನ್ನು ಬಿಡಿಸುವುದಕ್ಕೆ ಜಗತ್ತಿನ ಮೂಲೆ ಮೂಲೆಯ ಸಂಗ್ರಾಹಕರು ನಿದ್ದೆಗೆಡುತ್ತಾರೆ. ಅವರಲ್ಲಿ ಒಬ್ಬರು ಜಯನಗರದಲ್ಲಿದ್ದಾರೆ.

ರಾಯರ ಮಗಳು ನ್ಯೂಜೆರ್ಸಿಯಲ್ಲಿ. ಹೋಗುವಾಗ ಅವಳ ಪೆಟ್ಟಿಗೆ ತುಂಬ ಹುಳಿಪುಡಿ, ಚಟ್ನಿಪುಡಿ, ಹಪ್ಪಳ. ಬರುವಾಗ ಅಪ್ಪನಿಗೆ ಡಿಸ್ಕು. ಅಲ್ಲಿ ಅರ್ಧ ಬೆಲೆಗೆ ಮಾರುವ ದಿನ ಬಂದಾಗಲೇ ಕೊಳ್ಳಬೇಕೆಂದು ಅಪ್ಪನ ತಾಕೀತು. ಡಿಸ್ಕು ಬಂದರೆ ಸಾಲದು, ಓಡಬೇಕಲ್ಲ! ಡಿವಿಡಿ ಲೆಕ್ಕದಲ್ಲಿ ಅಮೆರಿಕ ಒಂದನೇ ವಲಯ, ನಾವು ಐದನೆಯದು. ಬ್ಲೂ-ರೇಗೆ ಅವರು ಎ, ನಾವು ಸಿ. ಅಲ್ಲಿಯದನ್ನು ಇಲ್ಲಿಯ ಪೆಟ್ಟಿಗೆಗೆ ಹಾಕಿದರೆ ಪರದೆ ಕಪ್ಪು. ಅದಕ್ಕೆ ರಾಯರು ಎಸ್.ಪಿ. ರಸ್ತೆಯೆಲ್ಲ ಸುತ್ತಿ ಎಲ್ಲ ವಲಯವೂ ಓಡುವ ಪ್ಲೇಯರ್ ತಂದಿಟ್ಟುಕೊಂಡಿದ್ದಾರೆ. ಮನೆಯಲ್ಲಿ ಹೊಸ ಫ್ರಿಜ್ ಬಂದಾಗಲೂ ಅವರು ಇಷ್ಟು ಓಡಾಡಲಿಲ್ಲ ಅಂತ ಅವರ ಮನೆಯಾಕೆಯ ದೂರು.

ಒಂದು ಭಾನುವಾರ ನಾನೇ ಕೆಣಕಿದೆ: "ರಾಯರೇ, ಆ ಅಮೆರಿಕದವರ ಒಗಟು ಬಿಡಿಸಿ ನಮಗೇನು ಬಂತು? ನಮ್ಮ ಕನ್ನಡ ಚಿತ್ರಕ್ಕೆ ಇಂಥದ್ದೊಂದು ಬರೆಯಿರಿ ನೋಡೋಣ."

ಅಷ್ಟೇ ಸಾಕಾಯಿತು. ಮೊಮ್ಮಗಳು ರಜಕ್ಕೆ ಬಂದಾಗ ಬಿಟ್ಟುಹೋದ ಡ್ರಾಯಿಂಗ್ ಪುಸ್ತಕ ಹೊರಗೆ ಬಂತು. ಮೊದಲ ಹಾಳೆಯಲ್ಲಿ ಒಂದು ಪಂಜರ, ಸರಳುಗಳ ಜಾಗದಲ್ಲಿ ಬಾಣಗಳು.

"ಶರಪಂಜರ. ಇದೂ ಒಗಟೇ?" ಅಂದೆ.

ಎರಡನೆಯದು ತಂಬೂರಿ ಹಿಡಿದ ಹಂಸ. "ಜಿ.ವಿ. ಅಯ್ಯರ್, 1975, ಹಂಸಗೀತೆ." ಮೂರನೆಯದು ಸುಲಭ ಅನ್ನಿಸಿತು: ಒಡೆದ ಗಡಿಗೆ. "ಘಟಶ್ರಾದ್ಧ." ನಾಲ್ಕನೆಯದಕ್ಕೆ ಸಿಕ್ಕಿಬಿದ್ದೆ. ರಸ್ತೆಗಳು ಒಂದು ಕಡೆ ಕೂಡುತ್ತವೆ, ಬೇರೇನೂ ಇಲ್ಲ. "ಸೌತ್ ಎಂಡ್ ಸರ್ಕಲ್ ಇದ್ದ ಹಾಗಿದೆ. ಟ್ರಾಫಿಕ್ ಪೊಲೀಸರ ಸಾಕ್ಷ್ಯಚಿತ್ರವೇನು?"

"ರಸ್ತೆ ಎಣಿಸಿ ಸ್ವಾಮಿ! ಮೂರು ದಾರಿಗಳು. ಕಾಸರವಳ್ಳಿಯವರದು, 1981."

ಇಷ್ಟರಲ್ಲಿ ಕರಿಬೇವು ಬಿಡಿಸಿಕೊಳ್ಳಲು ಬಂದ ರಾಯರ ಮನೆಯಾಕೆ ಪುಸ್ತಕ ಕಿತ್ತುಕೊಂಡು, ಒಂದು ಹಾಳೆಯ ಅರ್ಧಕ್ಕೆ ಕಪ್ಪು ಬಣ್ಣ ಬಳಿದು, ಇನ್ನರ್ಧ ಹಾಗೇ ಬಿಟ್ಟು, ನಮ್ಮ ಮುಂದೆ ಹಿಡಿದರು. ನಾನು "ನಾಗಾಭರಣರ ಗ್ರಹಣ" ಅಂದೆ. ರಾಯರು ತಲೆ ಕೆರೆದುಕೊಂಡು "ಪ್ರಿಂಟ್ ಹಾಳಾದದ್ದೇನೇ?" ಅಂದರು.

"ಕಪ್ಪು ಬಿಳುಪು. ಪುಟ್ಟಣ್ಣನೋರದು. ಕಲ್ಪನಾಗೆ ಎರಡು ಪಾತ್ರ. ಮನೆ ತುಂಬ ಡಿಸ್ಕ್ ಇಟ್ಕೊಂಡು ಇಷ್ಟೂ ಗೊತ್ತಾಗಲ್ವೇನ್ರೀ ನಿಮಗೆ?" ಅಂದು ಕರಿಬೇವಿನ ಕಡ್ಡಿ ಹಿಡಿದು ಒಳಗೆ ಹೋದರು. ಹೋದವರು ಮತ್ತೆ ಬಾಗಿಲಿಂದ ತಲೆ ಹಾಕಿ, "ಬಿಡಿಸಿದ್ದು ಆಯ್ತಲ್ಲ. ಇವುಗಳಲ್ಲಿ ಒಂದಾದರೂ ಬರುತ್ತಾ?" ಅಂತ ಕೇಳಿದರು.

ಅಲ್ಲಿಗೆ ನಮ್ಮ ಆಟ ನಿಂತಿತು. ಆ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿತ್ತು. ಕ್ರೈಟೀರಿಯನ್‌ನವರು ಒಗಟು ಹಾಕುತ್ತಾರೆಂದರೆ ಉತ್ತರ ಅವರ ಗೋದಾಮಿನಲ್ಲಿ ಆಗಲೇ ತಯಾರಾಗಿ ಕೂತಿರುತ್ತದೆ. ಹಕ್ಕು ಕೊಂಡಾಗಿದೆ, ನೆಗೆಟಿವ್ ಸಿಕ್ಕಿದೆ, ಕೆಲಸ ನಡೆದಿದೆ. ಇಲ್ಲಿ ನಮ್ಮ ಸಂಗ್ರಾಹಕರು ಬಿಡಿಸುತ್ತಿರುವುದು ಯಾರೂ ಹಾಕದ ಒಗಟನ್ನು.

ಹಾಗಂತ ನಮಗೆ ಕಾಲವೇ ಬರಲಿಲ್ಲವೆಂದಲ್ಲ. ವಿಸಿಡಿಯ ದಿನಗಳಲ್ಲಿ ಜಯನಗರ ಕಾಂಪ್ಲೆಕ್ಸಿನ ಸುತ್ತ ಒಂದು ಸುತ್ತು ಹಾಕಿದರೆ ಚೀಲ ತುಂಬುತ್ತಿತ್ತು. ಕನ್ನಡದ ಪುಸ್ತಕ, ಹಾಡು, ಸಿನಿಮಾ ಎಲ್ಲ ಒಂದೇ ಸೂರಿನಡಿ ಇಟ್ಟ 'ಟೋಟಲ್ ಕನ್ನಡ' ಅಂಗಡಿಯೂ ಜಯನಗರದ್ದೇ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಅಂತ ಬೆಲೆ ಇಟ್ಟಾಗ ನಕಲಿ ಮಾರುವವರೇ ಬೆಚ್ಚಿಬಿದ್ದರು. ತರಕಾರಿ ತರಲು ಹೋದವರು ಸಿನಿಮಾ ತಂದರು. ಆ ಕಂಪನಿಯನ್ನೇ 2018ರಲ್ಲಿ ಸಮಾಪನೆಗೆ ಒಪ್ಪಿಸಬೇಕಾಯಿತು.

ಸಿಕ್ಕಿದ್ದೆಲ್ಲ ಚೆನ್ನಾಗಿತ್ತೇ ಅಂತ ಮಾತ್ರ ಕೇಳಬೇಡಿ. ವಿಸಿಡಿಯ ಚಿತ್ರ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ, ಅಷ್ಟೇ. ಒಂದು ತಟ್ಟೆಗೆ ಹಿಡಿಯುವುದು ಸುಮಾರು 74 ನಿಮಿಷ. ಹಾಗಾಗಿ ಕಥೆ ಬಿಸಿಯೇರುವ ಹೊತ್ತಿಗೆ ಎದ್ದು ತಟ್ಟೆ ಬದಲಿಸಬೇಕು. ಎಷ್ಟೋ ಡಿಸ್ಕುಗಳಿಗೆ ಮೂಲ ನೆಗೆಟಿವ್ ಅಲ್ಲ, ಟಿವಿಯವರಿಗೆಂದು ಮಾಡಿಸಿದ ಬೀಟಾ ಟೇಪು. ಸಿನಿಮಾಸ್ಕೋಪಿನ ಎರಡು ತುದಿ ಟಿವಿಯ ಚೌಕಕ್ಕೆ ಹೊಂದದೆ ಹಾರಿಹೋಗುತ್ತಿತ್ತು. ಯುಗಳಗೀತೆಯಲ್ಲಿ ನಾಯಕ ಹಾಡುತ್ತಾನೆ, ನಾಯಕಿಯ ಒಂದು ಭುಜ ಮಾತ್ರ ಕಾಣುತ್ತದೆ! ಒಂದೇ ಡಿವಿಡಿಯಲ್ಲಿ ಮೂರು ಸಿನಿಮಾ ತುರುಕಿದ್ದೂ ಉಂಟು. ನಾನು ಕೊಂಡ ಒಂದು ಕೌಟುಂಬಿಕ ಚಿತ್ರದ ಡಿಸ್ಕಿನಲ್ಲಿ ಕೊನೆಯ ರೀಲೇ ಇಲ್ಲ. ಅತ್ತೆ ಸೊಸೆ ರಾಜಿಯಾದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಈಗ ಅಂಗಡಿಗಳೂ ಕಡಮೆ, ಡಿಸ್ಕೂ ಕಡಮೆ. ನಂದಾ ಟಾಕೀಸು ಹೋಯಿತು, ಕಾಂಪ್ಲೆಕ್ಸಿನ ಪುಟ್ಟಣ್ಣ ಚಿತ್ರಮಂದಿರ ಹೋಯಿತು, ಸ್ವಾಗತ್ ಇದ್ದ ಕಡೆ ಮಾಲ್ ಬಂತು. ಆದರೂ ಊಹಿಸುವವರು ನಿಂತಿಲ್ಲ. ಬನಶಂಕರಿ ಎರಡನೇ ಹಂತದ ಸುಚಿತ್ರಾದಲ್ಲಿ ಪ್ರದರ್ಶನ ಮುಗಿದ ಮೇಲೆ ಹೊರಗೆ ನಿಂತ ಗುಂಪಿಗೆ ಕಿವಿಗೊಟ್ಟರೆ ಗೊತ್ತಾಗುತ್ತದೆ. 1971ರಲ್ಲಿ ಹುಟ್ಟಿದ ಆ ಫಿಲಂ ಸೊಸೈಟಿ ಎಷ್ಟು ಸಿನಿಮಾ ತೋರಿಸಿತೋ ಅಷ್ಟೇ ಸಿನಿಮಾ ಹುಚ್ಚರನ್ನೂ ತಯಾರು ಮಾಡಿದೆ. "ಅದರ ನೆಗೆಟಿವ್ ಮದ್ರಾಸಲ್ಲಿದೆಯಂತೆ", "ನಿರ್ಮಾಪಕರ ಮಗ ಏನೋ ಮಾಡಿಸ್ತಿದ್ದಾನಂತೆ", "ಪುಣೆಯಿಂದ ಡಬ್ಬಿ ಹೊರಟಿದೆಯಂತೆ" ಎಂಬ ಅಂತೆಗಳ ಸಂತೆ ಅದು.

ಆ ಅಂತೆಗಳನ್ನು ಸೋಸುವುದಕ್ಕೆ ರಾಯರ ಹತ್ತಿರ ಸೂತ್ರಗಳಿವೆ. ಮೊದಲನೆಯದು ತಾರೀಖು. ಏಪ್ರಿಲ್ 24 ಅಣ್ಣಾವ್ರ ಹುಟ್ಟುಹಬ್ಬ, ಸೆಪ್ಟೆಂಬರ್ 18 ವಿಷ್ಣುವರ್ಧನ್, ನವೆಂಬರ್ 9 ಶಂಕರ್‌ನಾಗ್, ಮಾರ್ಚ್ 17 ಪುನೀತ್. ಹಳೆಯದನ್ನು ಹೊಸದು ಮಾಡಿ ತರುವವರ ಕಣ್ಣು ಈ ದಿನಗಳ ಆಸುಪಾಸಿನಲ್ಲೇ ಇರುತ್ತದೆ. 1965ರ 'ಸತ್ಯ ಹರಿಶ್ಚಂದ್ರ' ಬಣ್ಣ ತುಂಬಿಕೊಂಡು ತೆರೆಗೆ ಬಂದದ್ದು 2008ರ ಏಪ್ರಿಲಿನಲ್ಲಿ. 2002ರ 'ಅಪ್ಪು' ಮತ್ತೆ ಬಂದದ್ದು 2025ರ ಮಾರ್ಚಿನಲ್ಲಿ. 'ಕಸ್ತೂರಿ ನಿವಾಸ' ಬಣ್ಣದಲ್ಲಿ ಬಂದದ್ದು 2014ರ ನವೆಂಬರಿನಲ್ಲಿ, ಅದು ರಾಜ್ಯೋತ್ಸವದ ತಿಂಗಳು.

ಎರಡನೆಯ ಸೂತ್ರ ಸ್ವಲ್ಪ ಸೂಕ್ಷ್ಮ. "ಬಣ್ಣ ಹಾಕಿದ್ದು ನನಗೇನೂ ಇಷ್ಟವಿಲ್ಲ ಸ್ವಾಮಿ. ಆದರೆ ಬಣ್ಣ ಹಾಕಬೇಕಾದರೆ ಮೊದಲು ಕಪ್ಪು ಬಿಳುಪಿನ ಪ್ರತಿಯನ್ನು ಸ್ಕ್ಯಾನ್ ಮಾಡಿ ತೊಳೆದಿರಲೇಬೇಕಲ್ಲ? ಹಾಗಿದ್ದರೆ ಶುಭ್ರವಾದ ಕಪ್ಪು ಬಿಳುಪಿನ ಕಸ್ತೂರಿ ನಿವಾಸ ಎಲ್ಲೋ ಒಂದು ಹಾರ್ಡ್ ಡಿಸ್ಕಿನಲ್ಲಿ ಮಲಗಿರಬೇಕು. ಅದನ್ನು ಯಾಕೆ ಕೊಡಬಾರದು?" ರಾಯರ ತರ್ಕಕ್ಕೆ ನನ್ನಲ್ಲಿ ಉತ್ತರವಿಲ್ಲ. 'ನಾಗರಹಾವು' 2018ರಲ್ಲಿ ಹೊಸ ಚಿತ್ರ, ಹೊಸ ಧ್ವನಿಯೊಂದಿಗೆ ಮತ್ತೆ ಬಂದಾಗ ಚಿತ್ರದುರ್ಗದ ಕಲ್ಲುಗಳು ಎದ್ದು ಕಂಡವೆಂದು ಅವರು ಇವತ್ತಿಗೂ ಹೇಳುತ್ತಾರೆ.

ಮೂರನೆಯ ಸೂತ್ರದ ಹೆಸರು 'ಓಂ ನಿಯಮ'. ಉಪೇಂದ್ರ ನಿರ್ದೇಶನದ 'ಓಂ' ಬಿಡುಗಡೆಯಾದದ್ದು 1995ರಲ್ಲಿ. ಆಮೇಲೆ ನೂರಾರು ಸಲ ಮರುಬಿಡುಗಡೆಯಾಯಿತು. ಯಾವುದೋ ಹೊಸ ಚಿತ್ರ ಮಕಾಡೆ ಮಲಗಿದರೆ ಆ ಚಿತ್ರಮಂದಿರಕ್ಕೆ ಓಂ ಹಾಕಿ ದುಡ್ಡು ಎತ್ತುತ್ತಿದ್ದರು. ಅದು ಟಿವಿಗೆ ಬರಲು 2015 ಆಗಬೇಕಾಯಿತು. "ನೀತಿ ಏನಪ್ಪಾ ಅಂದ್ರೆ, ಥಿಯೇಟರಿನಲ್ಲಿ ದುಡಿಯುವ ಎತ್ತನ್ನು ಯಾರೂ ಮನೆಗೆ ಕಳಿಸಲ್ಲ. ಪೋಸ್ಟರ್ ಕಂಡರೆ ಡಿಸ್ಕಿನ ಆಸೆ ಬಿಡಿ." ಏನೂ ಬಾರದಿರುವುದನ್ನೂ ಸುಳಿವಾಗಿ ಓದುವುದು ಪಳಗಿದ ಸಂಗ್ರಾಹಕನ ಲಕ್ಷಣ.

ನಾಲ್ಕನೆಯದು ಸರದಿಯ ಸೂತ್ರ. ರಾಯರು ಎದೆಯುಬ್ಬಿಸಿ ಹೇಳುವುದು ಇದನ್ನೇ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಒಂದೊಂದಾಗಿ ಹಳೆಯ ಭಾರತೀಯ ಚಿತ್ರಗಳನ್ನು ಜೀರ್ಣೋದ್ಧಾರ ಮಾಡಿಸುತ್ತಿದೆ. ಕಾನ್ ಉತ್ಸವಕ್ಕೆ 2022ರಲ್ಲಿ ಮಲಯಾಳದ 'ತಂಪ್' ಹೋಯಿತು, 2023ರಲ್ಲಿ ಮಣಿಪುರಿಯ 'ಇಶಾನೌ', 2024ರ ಮೇ ತಿಂಗಳಿನಲ್ಲಿ ಬೆನಗಲ್ಲರ 'ಮಂಥನ್'. "ಪ್ರತಿ ಭಾಷೆಗೂ ಎಲೆ ಹಾಕ್ತಿದ್ದಾರೆ ಸ್ವಾಮಿ, ನಮ್ಮ ಪಂಕ್ತಿ ಹತ್ತಿರ ಬಂತು" ಎಂದಿದ್ದರು ರಾಯರು. ಅದೇ ವರ್ಷ ವೆನಿಸ್ ಉತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಕನ್ನಡ ಬಂತು: ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ', 1977.

ಆ ಚಿತ್ರದ ಕಥೆ ಯು.ಆರ್. ಅನಂತಮೂರ್ತಿಯವರದು, ಛಾಯಾಗ್ರಹಣ ಎಸ್. ರಾಮಚಂದ್ರ, ಸಂಗೀತ ಬಿ.ವಿ. ಕಾರಂತ. ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಫಿಲಂ ಆರ್ಕೈವ್‌ನಲ್ಲಿ ಉಳಿದಿತ್ತು. ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೈಜೋಡಿಸಿತು, ಇಟಲಿಯ ಬೊಲೊನ್ಯದ ಲ್ಯಾಬಿನಲ್ಲಿ ಕೆಲಸವಾಯಿತು. ನಿರ್ಮಾಪಕ ಸದಾನಂದ ಸುವರ್ಣರು ಮಾತ್ರ ವೆನಿಸ್ ಪ್ರದರ್ಶನಕ್ಕೆ ಮೊದಲೇ, ಅದೇ ವರ್ಷದ ಜುಲೈನಲ್ಲಿ ತೀರಿಕೊಂಡಿದ್ದರು. ಈ ಜೀರ್ಣೋದ್ಧಾರದ ಸುದ್ದಿ ಬಂದ ದಿನದಿಂದ ರಾಯರು ಲೆಕ್ಕ ಹಾಕುತ್ತಲೇ ಇದ್ದಾರೆ. ಸ್ಕಾರ್ಸೆಸಿಯವರ ಈ ಯೋಜನೆಯ ಚಿತ್ರಗಳನ್ನು ಕ್ರೈಟೀರಿಯನ್ ಪೆಟ್ಟಿಗೆಯಲ್ಲಿಟ್ಟು ತರುತ್ತದೆ. 2013ರ ಮೊದಲ ಪೆಟ್ಟಿಗೆಯ ಆರು ಚಿತ್ರಗಳಲ್ಲಿ ಋತ್ವಿಕ್ ಘಟಕ್ ಬಾಂಗ್ಲಾದೇಶದಲ್ಲಿ ತೆಗೆದ 'ತಿತಾಸ್' ಇತ್ತು. ಆದ್ದರಿಂದ ಘಟಕ್ ಹೋದ ಪೆಟ್ಟಿಗೆಗೆ ಘಟಶ್ರಾದ್ಧವೂ ಹೋದೀತು ಎಂಬುದು ಅವರ ವಾದ. ಇನ್ನು ಮುಂದೆ ಆ ಹೊಸ ವರ್ಷದ ಚಿತ್ರದಲ್ಲಿ ಎಲ್ಲಾದರೂ ಮಣ್ಣಿನ ಗಡಿಗೆ ಕಂಡರೆ ರಾಯರ ರಕ್ತದೊತ್ತಡ ನೋಡಿಕೊಳ್ಳಬೇಕಾದವರು ನಾವೇ.

"ನನ್ನ ಆಸೆ ಅದಕ್ಕಿಂತ ದೊಡ್ಡದು," ಅಂತ ಮತ್ತೊಂದು ದಿನ ಶುರುಮಾಡಿದರು. "ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಕನ್ನಡಕ್ಕೆ ಆರು ಬಂದಿದೆ. ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ, ತಬರನ ಕಥೆ, ತಾಯಿ ಸಾಹೇಬ, ದ್ವೀಪ. ಆರನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ, ಜೊತೆಗೆ ಒಂದು ಪುಸ್ತಕ ಇಟ್ಟು ಕೊಡಲಿ. ಕಾಡಿ ಬೇಡಿಯಾದರೂ ಕೊಳ್ತೀನಿ."

"ಕಾಡೋದು ಯಾರನ್ನ, ಬೇಡೋದು ಯಾರನ್ನ?" ಎಂದು ಒಳಗಿಂದ ಧ್ವನಿ ಬಂತು.

ನಮ್ಮ ಮಾತಿನ ನಡುವೆ ಬಿಟಿಎಂ ಲೇಔಟಿನಿಂದ ರಾಯರ ತಮ್ಮನ ಮಗ ಬಂದಿದ್ದ. ಕಂಪ್ಯೂಟರ್ ಹುಡುಗ. "ದೊಡ್ಡಪ್ಪ, ಎಲ್ಲ ಫೋನಲ್ಲೇ ಬರತ್ತೆ. ಡಿಸ್ಕ್ ಇಟ್ಕೊಂಡು ಧೂಳು ಯಾಕೆ ಒರೆಸ್ತೀರಾ?"

ರಾಯರು ಸಿಟ್ಟಾಗಲಿಲ್ಲ. "ಸರಿ ಕಣಪ್ಪಾ. ಹೋದ ವರ್ಷ ನೋಡ್ದೆ ಅಂದ್ಯಲ್ಲ, ಆ ಸಿನಿಮಾ ಹಾಕು, ದೊಡ್ಡಮ್ಮನೂ ನೋಡ್ಲಿ." ಹುಡುಗ ಬಹಳ ಹೊತ್ತು ತಡಕಿದ. ಸಿನಿಮಾ ಅಲ್ಲಿರಲಿಲ್ಲ. ಒಪ್ಪಂದ ಮುಗಿದಾಗ ತೆಗೆದುಬಿಡುತ್ತಾರೆ. ಅವನು ದುಡ್ಡು ಕಟ್ಟಿದ್ದು ನೋಡುವುದಕ್ಕೆ, ಇಟ್ಟುಕೊಳ್ಳುವುದಕ್ಕಲ್ಲ. ಬಿಟ್ಟಿ ಸಿಗುವ ಕಡೆ ಹುಡುಕಿದರೆ ಅದೇ ಪುರಾತನ ಬೀಟಾ ಟೇಪಿನ ನಕಲು, ತುದಿ ಕತ್ತರಿಸಿದ್ದು, ಮಧ್ಯೆ ಮಧ್ಯೆ ಜಾಹೀರಾತು. ರಾಯರು ಷೋಕೇಸಿನಿಂದ ಡಿಸ್ಕ್ ತೆಗೆದು ಹಾಕಿದರು. ಹುಡುಗ ಪೂರ್ತಿ ನೋಡಿಯೇ ಊಟಕ್ಕೆದ್ದ.

ಇಷ್ಟೆಲ್ಲ ಊಹಿಸುವ ರಾಯರು ಒಂದು ಚಿತ್ರದ ಹೆಸರು ಬಂದರೆ ಮಾತ್ರ ಸುಮ್ಮನಾಗುತ್ತಾರೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರ ಅಭಿನಯ, ಕೊಲ್ಹಾಪುರದಲ್ಲಿ ಚಿತ್ರೀಕರಣ. ಅದರ ಒಂದು ಪ್ರತಿಯೂ ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲಂ ಬೆಂಕಿಗೆ ಸಲೀಸು, ಬಿಸಿಲಿಗೆ ಅಂಟಾಗುತ್ತದೆ, ಕೊನೆಗೆ ಪುಡಿಯಾಗುತ್ತದೆ. ಅದರೊಳಗಿನ ಬೆಳ್ಳಿಯ ಆಸೆಗೆ ಕರಗಿಸಿದ ಹಳೆಯ ಫಿಲಮುಗಳಿಗೂ ಲೆಕ್ಕವಿಲ್ಲ. ಇದ್ದದ್ದನ್ನು ಕಾಪಾಡಿದರೆ ಬೆಂಕಿಯಿಂದಲೂ ಎತ್ತಬಹುದು. ರೇಯವರ ಅಪು ಚಿತ್ರತ್ರಯದ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬ್ ಬೆಂಕಿಯಲ್ಲಿ ಸುಟ್ಟಿದ್ದವು. ಸುಟ್ಟುಳಿದದ್ದನ್ನು ಎಸೆಯದೆ ಜೋಪಾನ ಮಾಡಿದ್ದರಿಂದ ಅದರಲ್ಲಿ ಬಳಸಬಹುದಾದ ಭಾಗಗಳನ್ನೆಲ್ಲ ಉಳಿಸಿಕೊಂಡು 2015ರಲ್ಲಿ ಮೂರೂ ಚಿತ್ರ ಮತ್ತೆ ಬೆಳಗಿದವು. ಸುಲೋಚನೆಗೆ ಆ ಸುಟ್ಟ ಚೂರೂ ಇಲ್ಲ.

ಹಾಗಾಗಿ ನಮ್ಮ ಕಾಂಪೌಂಡು ಗೋಡೆಯ ತೀರ್ಪು ಇದು. ಸುಳಿವು ಬಿಡಿಸುವ ಚಟ ಕೆಟ್ಟದ್ದೇನಲ್ಲ, ಅದರಲ್ಲಿ ಸುಖವಿದೆ. ಆದರೆ ಸುಳಿವು ಕೊಡುವವನ ಕೈಯಲ್ಲಿ ಸಿನಿಮಾ ಇದ್ದಾಗ ಮಾತ್ರ ಅದು ಆಟ, ಇಲ್ಲದಿದ್ದರೆ ಬರೀ ಕಾಯುವಿಕೆ. ಹಳೆಯ ನಿರ್ಮಾಪಕರ ಮನೆಯವರು, ಹಕ್ಕು ಕೊಂಡು ಬೀಗ ಹಾಕಿಟ್ಟವರು ಒಗಟು ಹಾಕುವುದು ಬೇಡ. ಯಾವ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಒಂದು ಪಟ್ಟಿ ಕೊಟ್ಟರೆ ಸಾಕು. ಡಿಜಿಟಲ್ ಬಂದ ಮೇಲೆ ಮದ್ರಾಸಿನ ಹಳೆಯ ಲ್ಯಾಬುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಲ್ಲಿದ್ದ ಡಬ್ಬಿಗಳಿಗೆ ವಾರಸುದಾರರು ಬೇಕು.

ಓದುಗರಿಗೂ ಒಂದು ಮಾತು. ನಿಮ್ಮ ತಾತನೋ ಸೋದರಮಾವನೋ ಚಿತ್ರ ವಿತರಿಸಿದ್ದರೆ, ಟೂರಿಂಗ್ ಟಾಕೀಸ್ ನಡೆಸಿದ್ದರೆ, ಒಮ್ಮೆ ಅಟ್ಟ ಹತ್ತಿ ನೋಡಿ. ತಗಡಿನ ಡಬ್ಬಿ ಸಿಕ್ಕಿ ಅದರಿಂದ ವಿನಿಗರ್ ವಾಸನೆ ಬಂದರೆ ಫಿಲಂ ಕೊಳೆಯಲು ಶುರುವಾಗಿದೆ ಎಂದರ್ಥ, ಆದರೂ ಎಸೆಯಬೇಡಿ. ಐವತ್ತರ ದಶಕಕ್ಕಿಂತ ಹಿಂದಿನದಾದರೆ ಅದು ನೈಟ್ರೇಟ್ ಇರಬಹುದು, ಬೆಂಕಿ, ಬಿಸಿಲಿನಿಂದ ದೂರ ಇಡಿ, ಬಿಚ್ಚಿ ಎಳೆಯಬೇಡಿ. ಗುಜರಿಯವನನ್ನು ಕರೆಯುವ ಮೊದಲು ಪುಣೆಯ ರಾಷ್ಟ್ರೀಯ ಫಿಲಂ ಆರ್ಕೈವ್‌ಗೆ ಒಂದು ಪತ್ರ ಬರೆಯಿರಿ.